ಉರುಳುವ ತೇರು, ನಿಲ್ಲುವ ಗೋಪುರ: ರದ್ದಿ ಸಾಮಾನಿನಲ್ಲಿ ಪುಟ್ಟ ಮಕ್ಕಳ ಕೈಗೆಲಸ

ರದ್ದಿ ಸಾಮಾನಿನಿಂದ ಮಕ್ಕಳ ಕೈಲಿ ಏನಾದರೂ ಮಾಡಿಸೋಣ ಅಂದಾಗ ಸಾಮಾನ್ಯವಾಗಿ ಏನಾಗುತ್ತದೆ ನೋಡಿ. ಮೊಬೈಲಿನಲ್ಲಿ ವಿಡಿಯೋ ಹುಡುಕುತ್ತೇವೆ. ಪ್ಲಾಸ್ಟಿಕ್ ಬಾಟಲಿಯ ಹೂದಾನಿ ಸಿಗುತ್ತದೆ. ಕತ್ತರಿಸುವುದು, ಅಂಟಿಸುವುದು, ಬಣ್ಣ ಬಳಿಯುವುದು ಮುಕ್ಕಾಲು ಪಾಲು ನಾವೇ ಮಾಡುತ್ತೇವೆ. ಕೊನೆಗೆ ಮಗುವಿನ ಕೈಗೆ ಒಂದು ಮಿಂಚಿನ ಕಾಗದ ಕೊಟ್ಟು, "ಇದನ್ನ ಇಲ್ಲಿ ಅಂಟಿಸು" ಅನ್ನುತ್ತೇವೆ. ಫೋಟೋ ಚೆನ್ನಾಗಿ ಬರುತ್ತದೆ. ಆದರೆ ಮಗುವಿಗೆ ಅಲ್ಲಿ ಕೆಲಸವೇ ಇರಲಿಲ್ಲ, ಅಲ್ವಾ?

ನನ್ನ ಸಲಹೆ ಇಷ್ಟೆ. ಸುಮ್ನೆ ನೋಡುವ ಸಾಮಾನು ಬಿಡಿ. ಉರುಳುವಂಥದ್ದು, ನಿಲ್ಲುವಂಥದ್ದು, ಭಾರ ಹೊರುವಂಥದ್ದು ಮಾಡಿಸಿ. ಹಾಗೆ ಮಾಡಿದರೆ ಸರಿ ತಪ್ಪು ಹೇಳುವ ಕೆಲಸ ನಮ್ಮದಲ್ಲ. "ಟೀಚರ್, ಸರಿ ಐತೇನ್ರಿ?" ಅಂತ ಮಗು ಕೇಳಿದರೆ, "ನನ್ನ ಯಾಕ ಕೇಳ್ತಿ, ಉರುಳಿಸಿ ನೋಡು" ಅಂದರಾಯಿತು. ಗಾಲಿ ತಿರುಗದಿದ್ದರೆ ಮಗುವೇ ಬಗ್ಗಿ ನೋಡುತ್ತದೆ, ಬಿಚ್ಚುತ್ತದೆ, ಮತ್ತೆ ಕಟ್ಟುತ್ತದೆ.

ಇಲ್ಲಿ ಹೇಳಿರುವುದು ನಾಲ್ಕರಿಂದ ಎಂಟು ವರ್ಷದ ಮಕ್ಕಳಿಗೆ. ಕೊಪ್ಪಳದ ಸುತ್ತಮುತ್ತ ಸಿಗುವ ಸಾಮಾನನ್ನೇ ಇಟ್ಟುಕೊಂಡು ಬರೆದಿದ್ದೇನೆ. ಬಳ್ಳಾರಿ, ರಾಯಚೂರಿನವರಿಗೂ ಇವೆಲ್ಲ ಮನೆ ಹಿತ್ತಲಲ್ಲೇ ಸಿಗುತ್ತವೆ.

ಸಾಮಾನು ಕೂಡಿಸುವಾಗ

ಒಂದು ದೊಡ್ಡ ರಟ್ಟಿನ ಡಬ್ಬ ಇಟ್ಟು ಒಂದೆರಡು ವಾರ ಕೂಡಿಸುತ್ತಾ ಬನ್ನಿ. ಹಳೇ ಪೇಪರು, ಚಪ್ಪಲಿ ಡಬ್ಬಿ, ಸವೆದ ಹವಾಯಿ ಚಪ್ಪಲಿ, ಖಾಲಿ ಬಾಲ್‌ಪೆನ್ನು, ಡಬ್ಬಿಗಳ ಮುಚ್ಚಳ, ತೆಂಗಿನ ಚಿಪ್ಪು, ಗೋಣಿ ಚೀಲದ ಸುತಳಿ, ಹರಿದ ಸೀರೆಯ ಅಂಚು. ಲಗ್ನಪತ್ರಿಕೆಗಳನ್ನು ಮಾತ್ರ ಯಾವತ್ತೂ ಎಸೆಯಬೇಡಿ. ಅಷ್ಟು ಗಟ್ಟಿ, ಅಷ್ಟು ಬಣ್ಣದ ಕಾಗದ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಸೈಕಲ್ ಅಂಗಡಿಗೆ ಹೋಗಿ ಹಳೇ ಸ್ಪೋಕ್ ಕಡ್ಡಿ, ವಾಲ್ವ್ ಟ್ಯೂಬ್ (ವಾಲ್ವಿಗೆ ಹಾಕುವ ಸಣ್ಣ ರಬ್ಬರ್ ಕೊಳವೆ) ಕೇಳಿ. ಬಳ್ಳಾರಿಯವರಿಗೆ ಇನ್ನೊಂದು ಅನುಕೂಲ ಇದೆ. ಅಲ್ಲಿ ಜೀನ್ಸ್ ಹೊಲಿಯುವ ಘಟಕಗಳು ಬಹಳ. ಪರಿಚಯದವರು ಯಾರಾದರೂ ಅಲ್ಲಿ ಕೆಲಸ ಮಾಡುತ್ತಿದ್ದರೆ ಒಂದು ಚೀಲ ಚಿಂದಿ ತರಿಸಿಕೊಳ್ಳಿ.

ಏನು ತರಬಾರದು ಅನ್ನುವುದು ನಮ್ಮ ಕಡೆ ಇನ್ನೂ ಮುಖ್ಯ. ಭತ್ತ, ಹತ್ತಿ, ಮೆಣಸಿನಕಾಯಿ ಬೆಳೆಯುವ ಊರುಗಳಲ್ಲಿ ಔಷಧಿ ಹೊಡೆದ ಖಾಲಿ ಬಾಟಲಿ, ಡಬ್ಬಿಗಳು ಹೊಲದ ಬದುವಿನ ಮೇಲೆ ಬಿದ್ದಿರುತ್ತವೆ. ಮುಚ್ಚಳ ಗಟ್ಟಿಯಾಗಿದೆ, ಗಾಲಿಗೆ ಚೆನ್ನಾಗಿದೆ ಅನ್ನಿಸಬಹುದು. ಮುಟ್ಟಬೇಡಿ. ಎಷ್ಟು ತೊಳೆದರೂ ಅದು ಮಕ್ಕಳ ಕೈಗೆ ಬರಬಾರದ ಸಾಮಾನು. ಆ ಡಬ್ಬಿಗಳು ಬಂದ ರಟ್ಟಿನ ಪೆಟ್ಟಿಗೆಯೂ ಬೇಡ. ಸಿಮೆಂಟ್ ಚೀಲ, ಹಳೇ ಬ್ಯಾಟರಿ, ಸಿರಿಂಜು, ಒಡೆದ ಟ್ಯೂಬ್‌ಲೈಟು, ಬಳೆ ಚೂರು ಇವೂ ಬೇಡ. ಥರ್ಮಾಕೋಲ್ ತಂದರೆ ಕಾಯಿಸಿ ಕತ್ತರಿಸಬೇಡಿ, ಅದರ ಹೊಗೆ ಕೆಟ್ಟದ್ದು.

ಮನೆಯಲ್ಲಿ ಮೂರು ವರ್ಷದ ಒಳಗಿನ ಕೂಸು ಇದ್ದರೆ ಬಾಯಿಗೆ ಪೂರ್ತಿ ಹೋಗುವ ಯಾವುದೂ ನೆಲದ ಮೇಲೆ ಉಳಿಯಬಾರದು. ಹುಣಸೆ ಬೀಜ, ಕಡಲೆ, ಸಣ್ಣ ಮುಚ್ಚಳ ಎಲ್ಲ ಎಣಿಸಿ ಕೊಡಿ, ಎಣಿಸಿ ವಾಪಸ್ ತೆಗೆದುಕೊಳ್ಳಿ. ಎಣಿಸುವ ಕೆಲಸ ಮಕ್ಕಳಿಗೇ ಕೊಟ್ಟರೆ ಅದೂ ಒಂದು ಆಟವೇ.

ಅಂಟು ಮನೆಯಲ್ಲೇ ಮಾಡಿ

ಫೆವಿಕಾಲ್ ಒಳ್ಳೆಯದೇ. ಆದರೆ ಹತ್ತು ಮಕ್ಕಳು ಕೂತರೆ ಒಂದು ಡಬ್ಬಿ ಒಂದೇ ಮಧ್ಯಾಹ್ನಕ್ಕೆ ಖಾಲಿ.

ಮೈದಾ ಅಂಟು ಬಹಳ ಸುಲಭ. ಒಂದು ಬಟ್ಟಲು ಮೈದಾಕ್ಕೆ ನಾಲ್ಕು ಬಟ್ಟಲು ನೀರು. ಮೊದಲು ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ಆಮೇಲೆ ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ. ಬಿಳಿ ಬಣ್ಣ ಹೋಗಿ ಹೊಳಪು ಬಂದು, ಚಮಚದಿಂದ ಮೆಲ್ಲಗೆ ಜಾರುವಷ್ಟು ಗಟ್ಟಿಯಾದರೆ ಇಳಿಸಿ. ಗೋಡೆಗೆ ಪೋಸ್ಟರ್ ಅಂಟಿಸುವವರು ಹುಳ ಬೀಳದಿರಲಿ ಅಂತ ಇದಕ್ಕೆ ಮೈಲುತುತ್ತ ಹಾಕುತ್ತಾರೆ. ನೀವು ಹಾಕಬೇಡಿ, ಅದು ವಿಷ. ನಮ್ಮ ಬಿಸಿಲಿಗೆ ಈ ಅಂಟು ಬೇಗ ಹುಳಿ ಬರುತ್ತದೆ. ಅವತ್ತಿನದನ್ನು ಅವತ್ತೇ ಮಾಡಿಕೊಳ್ಳಿ.

ಹುಣಸೆ ಬೀಜದ ಅಂಟು ಇದಕ್ಕಿಂತ ಗಟ್ಟಿ. ಬೇಸಿಗೆಗೆ ಮುಂಚೆ ಮನೆಮನೆಯಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಾರಲ್ಲ, ಆ ಬೀಜ ಸಾಕು. ಹಂಚಿನ ಮೇಲೆ ಸಿಪ್ಪೆ ಬಿರಿಯುವಂತೆ ಹುರಿಯಿರಿ. ಕುಟ್ಟಿ ಸಿಪ್ಪೆ ತೆಗೆಯಿರಿ. ಬಿಳಿ ಬೇಳೆಯನ್ನು ರಾತ್ರಿಯಿಡೀ ನೆನೆಸಿ, ನುಣ್ಣಗೆ ರುಬ್ಬಿ, ನಾಲ್ಕೈದು ಪಟ್ಟು ನೀರು ಹಾಕಿ ಕುದಿಸಿ.

ಇದು ನಾನು ಕಂಡುಹಿಡಿದದ್ದೇನಲ್ಲ. ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಚಿತ್ರಗಾರ ಮನೆತನದವರು ಗೊಂಬೆ ಮಾಡುವುದು ನೋಡಿದ್ದೀರಾ? ಗೊಂಬೆಯ ಮೈ ಹಗುರ ಮರದ್ದು. ಸಂದಿ ಮುಚ್ಚಿ ಆಕಾರ ಕೊಡುವ ಮುದ್ದೆಗೆ ಹಾಕುವುದು ಹಳೇ ಗೋಣಿಯ ನಾರು, ಮರದ ಹೊಟ್ಟು ಮತ್ತು ಇದೇ ಹುಣಸೆ ಬೀಜದ ಅಂಟು. ಜಿಐ ಮಾನ್ಯತೆ, ಅಂದರೆ ಇದು ಈ ಊರಿನದೇ ಅನ್ನುವ ಸರ್ಕಾರದ ಗುರುತು, ಸಿಕ್ಕಿರುವ ಕಲೆಯ ಒಳಗೆ ಇರುವುದು ಚಿಂದಿ ಮತ್ತು ಹೊಟ್ಟು! ರದ್ದಿಯಲ್ಲಿ ಮಾಡಿದ್ದು ಕಡಿಮೆ ದರ್ಜೆಯದು ಅನ್ನುವವರಿಗೆ ಇದನ್ನು ಹೇಳಿ. ಆಗುವುದಾದರೆ ಒಮ್ಮೆ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಕೆಲಸ ಮಾಡುವ ಜಾಗದಲ್ಲೇ ಕೂರಿಸಿ.

ಎಳೆಯುವ ತೇರು

ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆ ನೋಡಿದ ಮಕ್ಕಳಿಗೆ ತೇರು ಅಂದರೆ ಏನು ಅಂತ ಹೇಳಿಕೊಡಬೇಕಿಲ್ಲ. ತಾವು ಮಾಡಿದ ತೇರಿಗೆ ತಾವೇ ಉತ್ತತ್ತಿ ಎಸೆಯಬಹುದು ಅಂದರೆ ಅರ್ಧ ಕೆಲಸ ಮುಗಿಯಿತು. ಐದು ವರ್ಷ ದಾಟಿದವರಿಗೆ ಇದು ಸರಿಹೋಗುತ್ತದೆ. ಇಬ್ಬಿಬ್ಬರು ಸೇರಿ ಒಂದು ಮಾಡಲಿ.

1. ಹವಾಯಿ ಚಪ್ಪಲಿ ರಬ್ಬರಿನ ಮೇಲೆ ಒಂದೇ ಅಳತೆಯ ಮುಚ್ಚಳ ಇಟ್ಟು ಮಕ್ಕಳು ನಾಲ್ಕು ಗುಂಡು ಬರೆಯಲಿ. ಕತ್ತರಿಸುವುದು ದೊಡ್ಡವರ ಕೆಲಸ.

2. ನಡುಬಿಂದು ಹುಡುಕಬೇಕು. ಅದೇ ಮುಚ್ಚಳವನ್ನು ಪೇಪರಿನ ಮೇಲಿಟ್ಟು ಗುಂಡು ಬರೆದು ಕತ್ತರಿಸಿ. ಪೇಪರನ್ನು ಅರ್ಧಕ್ಕೆ ಮಡಚಿ, ಮತ್ತೆ ಅರ್ಧಕ್ಕೆ ಮಡಚಿ ಬಿಡಿಸಿ. ಎರಡು ಮಡಿಕೆ ಸೇರುವ ಜಾಗವೇ ನಡು. ಪೇಪರನ್ನು ರಬ್ಬರಿನ ಮೇಲಿಟ್ಟು ಆ ಬಿಂದುವಿಗೆ ಸಣ್ಣ ಮೊಳೆಯಿಂದ ತೂತು ಹಾಕಿ. ಈ ಹಂತಕ್ಕೆ ಅವಸರ ಬೇಡ. ಐದಾರು ವರ್ಷದ ಮಗು ಈ ಮಡಿಕೆಯ ಗುಟ್ಟು ನೋಡಿ ಬೆರಗಾಗುತ್ತದೆ. ಆಮೇಲೆ ಕೈಗೆ ಸಿಕ್ಕ ಗುಂಡನ್ನೆಲ್ಲ ಮಡಚಿ ನೋಡುತ್ತದೆ.

3. ಖಾಲಿ ಬಾಲ್‌ಪೆನ್ನಿನ ಕೊಳವೆ ಎರಡು ತೆಗೆದುಕೊಳ್ಳಿ. ರಿಫಿಲ್, ಹಿಂದಿನ ಮುಚ್ಚಳ ತೆಗೆದು ಎರಡೂ ಕಡೆ ತೆರೆದಿರಲಿ. ಚಪ್ಪಲಿ ಡಬ್ಬಿಯ ತಳಕ್ಕೆ ಅಡ್ಡಡ್ಡ ಇಟ್ಟು, ಮುಂದೊಂದು ಹಿಂದೊಂದು, ಅಂಟುಪಟ್ಟಿಯಿಂದ ಬಿಗಿಯಿರಿ. ಎರಡೂ ಕೊಳವೆ ಸಮಾನಾಂತರವಾಗಿರಬೇಕು. ದಾರದಿಂದ ಆ ತುದಿ, ಈ ತುದಿ ಅಳೆಯಲು ಹೇಳಿ.

4. ಸ್ಪೋಕ್ ಕಡ್ಡಿಯನ್ನು ಡಬ್ಬಿಯ ಅಗಲಕ್ಕಿಂತ ನಾಲ್ಕು ಬೆರಳು ಉದ್ದ ಇರುವಂತೆ ನೀವು ಕತ್ತರಿಸಿ, ತುದಿಯ ಚೂಪು ಉಜ್ಜಿ ಕೊಡಿ. ಕಡ್ಡಿ ಕೊಳವೆಯೊಳಗೆ ಹೋಗಲಿ. ಆಮೇಲೆ ಎರಡೂ ಕಡೆ ಗಾಲಿ ಸಿಕ್ಕಿಸಿ. ಹೊರತುದಿಗೆ ವಾಲ್ವ್ ಟ್ಯೂಬಿನ ತುಂಡು ಹಾಕಿದರೆ ಗಾಲಿ ಕಳಚುವುದಿಲ್ಲ, ಕೈಗೂ ಚುಚ್ಚುವುದಿಲ್ಲ. ಚಕ್ಕಡಿಗೆ ಕಡಗೀಲು ಮಾಡುವ ಕೆಲಸ ಇಲ್ಲಿ ಈ ತುಂಡಿನದ್ದು.

5. ಈಗ ಮೇಲೇನೂ ಕಟ್ಟದೆ ಬರೀ ಡಬ್ಬಿಯನ್ನೇ ಉರುಳಿಸಿ ನೋಡಲಿ. ಹಲಗೆ ಅಥವಾ ಮಣೆಯನ್ನು ಓರೆ ಇಟ್ಟು ಮೇಲಿಂದ ಬಿಡಲಿ.

ಇಲ್ಲಿಯೇ ಪಾಠ ಇರುವುದು. ತೇರು ಒಂದೇ ಕಡೆಗೆ ಎಳೆಯುತ್ತಿದೆಯಾ? ಕೊಳವೆಗಳು ಸಮಾನಾಂತರ ಇಲ್ಲ. ಏಳುತ್ತಾ ಬೀಳುತ್ತಾ ಹೋಗುತ್ತಿದೆಯಾ? ಗಾಲಿಯ ತೂತು ನಡುವಿನಲ್ಲಿಲ್ಲ. ಗಾಲಿ ತಿರುಗದೆ ನೆಲ ಉಜ್ಜುತ್ತಿದೆಯಾ? ಕಡ್ಡಿ ಕೊಳವೆಯಲ್ಲಿ ಸಿಕ್ಕಿಕೊಂಡಿದೆ, ಅಥವಾ ಗಾಲಿ ಡಬ್ಬಿಗೆ ತಾಗುತ್ತಿದೆ. ಕಾರಣವನ್ನು ನೀವು ಬಾಯಿಬಿಟ್ಟು ಹೇಳಬೇಡಿ. "ಯಾವ ಗಾಲಿ ನೆಟ್ಟಗಿಲ್ಲ, ಬೆರಳಿಟ್ಟು ತೋರಿಸು" ಅನ್ನಿ ಸಾಕು. ಕಷ್ಟ ಆಗುವುದು ನಮಗೇ, ಬಾಯಿ ಸುಮ್ಮನಿರುವುದಿಲ್ಲ!

ಚಕ್ಕಡಿ ನೋಡಿದ ಮಕ್ಕಳಿದ್ದರೆ ಇನ್ನೊಂದು ಪ್ರಶ್ನೆ ಕೇಳಬಹುದು. ಚಕ್ಕಡಿಯಲ್ಲಿ ಅಚ್ಚು ತಿರುಗುವುದಿಲ್ಲ, ಗಾಲಿ ಮಾತ್ರ ತಿರುಗುತ್ತದೆ. ನಮ್ಮ ತೇರಿನಲ್ಲಿ ಗಾಲಿ ಕಡ್ಡಿಯನ್ನು ಗಟ್ಟಿ ಹಿಡಿದಿದೆ, ಕಡ್ಡಿಯೇ ಕೊಳವೆಯೊಳಗೆ ತಿರುಗುತ್ತದೆ. ಎರಡರಲ್ಲಿ ಒಂದು ಮಾತ್ರ ಸಡಿಲ ಇರಬೇಕು. ಎರಡೂ ಬಿಗಿಯಾದರೆ ತೇರು ಜಾರುತ್ತದೆ. ಎರಡೂ ಸಡಿಲವಾದರೆ ಗಾಲಿ ಓಲಾಡುತ್ತದೆ.

ಉರುಳಿದ ಮೇಲೆ ಮೇಲಿನ ಕೆಲಸ. ದೊಡ್ಡ ಡಬ್ಬಿ ಕೆಳಗೆ, ಸಣ್ಣದು ಮೇಲೆ. ತುದಿಗೆ ತೆಂಗಿನ ಚಿಪ್ಪಿನ ಕಳಸ. ಲಗ್ನಪತ್ರಿಕೆ ಕತ್ತರಿಸಿ ಹೂವು, ಸೀರೆ ಅಂಚಿನ ತೋರಣ, ಪೇಪರಿನ ಬಾವುಟ. ಇದಕ್ಕೆ ಹೀಗೇ ಅಂತ ಏನೂ ಇಲ್ಲ, ಮಕ್ಕಳ ಇಷ್ಟ. ತೇರು ಮುಗ್ಗರಿಸಿದರೆ ತಳದ ಡಬ್ಬಿಯೊಳಗೆ ಒಂದು ಹಿಡಿ ಕಲ್ಲು ಹಾಕಿ ನೋಡಲಿ. ಹಗ್ಗವನ್ನು ಮೇಲೆ ಕಟ್ಟಿದ್ದಾರಾ, ಗಾಲಿಯ ಮಟ್ಟಕ್ಕೆ ಕಟ್ಟಿದ್ದಾರಾ ನೋಡಿ. ಮೇಲೆ ಕಟ್ಟಿ ಎಳೆದರೆ ಮುಂದಕ್ಕೆ ಬೀಳುತ್ತದೆ. ಒಂದು ಸಲ ಬೀಳಲಿ ಬಿಡಿ.

ಕಣಿಕೆಯ ಗೋಪುರ

ಹಿಂಗಾರಿ ಜೋಳ ಕೊಯ್ದ ಮೇಲೆ ಕಣಿಕೆಗೇನು ಬರ? ಬಣವೆಯಿಂದ ನಾಲ್ಕು ದಂಟು ಎಳೆದರೆ ಸಾಕು. ನಮ್ಮ ಅಜ್ಜಂದಿರು ಇದರಲ್ಲೇ ಬಂಡಿ, ನೊಗ, ಎತ್ತು ಎಲ್ಲ ಮಾಡಿ ಆಡಿದವರು. ಮನೆಯಲ್ಲಿ ಅಜ್ಜ ಇದ್ದರೆ ಈ ಕೆಲಸವನ್ನು ಅವರಿಗೇ ಬಿಡಿ. ನಾನು ಬರೆದದ್ದಕ್ಕಿಂತ ಜಾಸ್ತಿ ಅವರಿಗೆ ಗೊತ್ತಿರುತ್ತದೆ.

ಚೆನ್ನಾಗಿ ಒಣಗಿದ, ಬೂಷ್ಟು ಹಿಡಿಯದ ದಂಟು ಆರಿಸಿ. ಎಲೆ ತೆಗೆದು ಒದ್ದೆ ಬಟ್ಟೆಯಲ್ಲಿ ಒರೆಸಿ, ಇಲ್ಲದಿದ್ದರೆ ಮೈ ಕಡಿಯುತ್ತದೆ. ಹೊರಗಿನ ಸಿಪ್ಪೆ ಸೀಳುವುದು ದೊಡ್ಡವರೇ ಮಾಡಬೇಕು. ಅದರ ಅಂಚು ಬ್ಲೇಡಿನ ಹಾಗೆ ಬೆರಳು ಕೊಯ್ಯುತ್ತದೆ. ಸೀಳಿದ ಸಿಪ್ಪೆಯ ಅಂಚನ್ನು ಕಲ್ಲಿಗೆ ಉಜ್ಜಿ ಗೇಣುದ್ದದ ಕಡ್ಡಿ ಮಾಡಿ. ಒಳಗಿನ ಬಿಳಿ ಬೆಂಡನ್ನು ಬೆರಳಗಲದ ತುಂಡು ಮಾಡಿ. ಅಷ್ಟೇ ನಿಮ್ಮ ಪಾಲು. ಬೆಂಡಿಗೆ ಕಡ್ಡಿ ಚುಚ್ಚುವುದು, ಕಡ್ಡಿಯ ಇನ್ನೊಂದು ತುದಿಗೆ ಮತ್ತೊಂದು ಬೆಂಡು ಸಿಕ್ಕಿಸುವುದು ನಾಲ್ಕು ವರ್ಷದ ಮಗುವಿಗೂ ಬರುತ್ತದೆ.

ಪೇಟೆಯಲ್ಲಿರುವವರಿಗೆ ಕಣಿಕೆ ಸಿಗದಿದ್ದರೆ ನೆನೆಸಿದ ಕಡಲೆ ಮತ್ತು ಕಸಬರಿಗೆಯ ಕಡ್ಡಿ ಆದೀತು. ಕಡಲೆ ರಾತ್ರಿ ನೆನೆಯಲಿ, ಬೆಳಗ್ಗೆ ನೀರು ಬಸಿದು ಬಟ್ಟೆಯ ಮೇಲೆ ಹರಡಿ. ಕಡ್ಡಿ ಚುಚ್ಚಿ ಕಟ್ಟಿದ ಮೇಲೆ ಕಡಲೆ ಒಣಗಿ ಕಡ್ಡಿಯನ್ನು ಕಚ್ಚಿ ಹಿಡಿಯುತ್ತದೆ. 1837ರಲ್ಲಿ ಜರ್ಮನಿಯಲ್ಲಿ ಪುಟ್ಟ ಮಕ್ಕಳ ಶಾಲೆ ತೆರೆದ ಫ್ರೀಡ್ರಿಶ್ ಫ್ರೋಬೆಲ್ ಇದೇ ರೀತಿ ನೆನೆಸಿದ ಬಟಾಣಿ ಮತ್ತು ಕಡ್ಡಿಗಳನ್ನು ಮಕ್ಕಳ ಕೈಗೆ ಕೊಡುವ ಪದ್ಧತಿ ತಂದರು. ನಮ್ಮ ದೇಶದಲ್ಲಿ ಅರವಿಂದ ಗುಪ್ತಾ ಬೆಂಕಿಕಡ್ಡಿಗಳನ್ನು ಸೈಕಲ್ ವಾಲ್ವ್ ಟ್ಯೂಬಿನಿಂದ ಜೋಡಿಸುವುದನ್ನು ಶಾಲೆ ಶಾಲೆಗೆ ಮುಟ್ಟಿಸಿದರು. ರದ್ದಿಯಿಂದ ಆಟಿಕೆ ಮಾಡುವ ಈ ಕೆಲಸಕ್ಕೇ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಬೆಂಕಿಕಡ್ಡಿ ಬಳಸುವುದಾದರೆ ಮದ್ದನ್ನು ಮೊದಲೇ ನೀವು ಕೆರೆದು ತೆಗೆದಿರಬೇಕು.

ಮೊದಲು ಮೂರು ಕಡ್ಡಿ, ಮೂರು ಬೆಂಡು ಕೊಡಿ. ಮೂರು ಮೂಲೆಯ ಆಕಾರ ಆಗುತ್ತದೆ. ಆಮೇಲೆ ನಾಲ್ಕು ಕಡ್ಡಿ, ನಾಲ್ಕು ಬೆಂಡು. ಎರಡನ್ನೂ ಮೂಲೆ ಹಿಡಿದು ಮೆಲ್ಲಗೆ ಒತ್ತಲು ಹೇಳಿ. ನಾಲ್ಕು ಮೂಲೆಯದ್ದು ಓರೆಯಾಗಿ ವಾಲುತ್ತದೆ. ಮೂರು ಮೂಲೆಯದ್ದು ಅಲುಗುವುದಿಲ್ಲ. "ಇದು ವಾಲದಂಗ ಮಾಡ್ಬೇಕಂದ್ರ ಏನ್ ಮಾಡ್ಬೇಕು?" ಅಂತ ಕೇಳಿ ಇನ್ನೊಂದು ಸ್ವಲ್ಪ ಉದ್ದನೆಯ ಕಡ್ಡಿ ಕೊಡಿ. ಯಾರೋ ಒಬ್ಬರು ಮೂಲೆಯಿಂದ ಮೂಲೆಗೆ ಹಾಕೇ ಹಾಕುತ್ತಾರೆ. ಚೌಕದೊಳಗೆ ಎರಡು ತ್ರಿಕೋನ ಬಂತು, ವಾಲುವುದು ನಿಂತಿತು. ಮೊಬೈಲ್ ಟವರ್, ಕರೆಂಟಿನ ದೊಡ್ಡ ಕಂಬ, ರೈಲ್ವೆ ಸೇತುವೆ ಎಲ್ಲದರಲ್ಲೂ ಅಡ್ಡಪಟ್ಟಿ ಯಾಕಿದೆ ಅಂತ ಅವರಿಗೇ ಹೊಳೆಯುತ್ತದೆ. ಸಂಜೆ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಎಣಿಸುತ್ತಾ ಹೋಗುತ್ತಾರೆ.

ಆಮೇಲೆ ಗೋಪುರ. ಎಷ್ಟು ಎತ್ತರ ಬೇಕಾದರೂ ಕಟ್ಟಲಿ. ಷರತ್ತು ಎರಡೇ: ಫ್ಯಾನಿನ ಗಾಳಿಗೆ ಬೀಳಬಾರದು, ಮೇಲೆ ಒಂದು ನೋಟ್‌ಬುಕ್ ಹೊರಬೇಕು. ಕೊಪ್ಪಳ ಜಿಲ್ಲೆಯ ಇಟಗಿಯ ಮಹಾದೇವ ದೇವಸ್ಥಾನದ ಚಿತ್ರ ಒಂದಿದ್ದರೆ ಗೋಡೆಗೆ ಹಚ್ಚಿ. 1112ರಲ್ಲಿ ಕಟ್ಟಿದ್ದು, ಇವತ್ತಿಗೂ ನಿಂತಿದೆ. ಶಿಖರ ಕೆಳಗೆ ಎಷ್ಟು ಅಗಲ, ಮೇಲೆ ಹೋದಂತೆ ಎಷ್ಟು ಕಿರಿದು ಅಂತ ಮಕ್ಕಳು ಬೆರಳಿಂದ ಅಳೆಯಲಿ. ಪಾಠ ಮಾಡಬೇಡಿ, ಚಿತ್ರ ಅಲ್ಲಿರಲಿ ಅಷ್ಟೆ.

ಪೇಪರಿನ ಮುದ್ದೆ

ನಾಲ್ಕು ವರ್ಷದ ಮಕ್ಕಳಿಗೆ ಹರಿಯುವುದೇ ದೊಡ್ಡ ಸಂಭ್ರಮ. ಪೇಪರನ್ನು ಮೇಲಿಂದ ಕೆಳಗೆ ಹರಿದರೆ ನೆಟ್ಟಗೆ ಪಟ್ಟಿಯಾಗಿ ಬರುತ್ತದೆ. ಅಡ್ಡ ಹರಿದರೆ ಸೊಟ್ಟಪಟ್ಟ ಆಗುತ್ತದೆ. ಮಾಡಿ ನೋಡಿ, ಕಾಗದದ ನಾರು ಮಲಗಿರುವ ದಿಕ್ಕು ಅದಕ್ಕೆ ಕಾರಣ.

ಹರಿದ ಚೂರು ರಾತ್ರಿಯಿಡೀ ನೀರಲ್ಲಿರಲಿ. ಬೆಳಗ್ಗೆ ಒರಳಲ್ಲಿ ಕುಟ್ಟಿ ನೀರು ಹಿಂಡಿ. ಎರಡು ಬಟ್ಟಲು ಮುದ್ದೆಗೆ ಅರ್ಧ ಬಟ್ಟಲು ಹುಣಸೆ ಬೀಜದ ಅಂಟು ಹಾಕಿ ಚೆನ್ನಾಗಿ ನಾದಿ. ಹಳೇ ಕಾಲದಲ್ಲಿ ಅಂಟಿಗೆ ಮೆಂತ್ಯ ನೆನೆಸಿ ರುಬ್ಬಿ ಹಾಕಿ ದೊಡ್ಡ ದೊಡ್ಡ ಪುಟ್ಟಿ ಮಾಡುತ್ತಿದ್ದರು, ಅದೂ ಆಗುತ್ತದೆ. ಬೋಗುಣಿ ಬೋರಲು ಹಾಕಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅರ್ಧ ಬೆರಳು ದಪ್ಪಕ್ಕೆ ಮುದ್ದೆಯನ್ನು ತಟ್ಟಲಿ. ಮೊದಲ ದಿನ ನೆರಳಲ್ಲೇ ಒಣಗಬೇಕು. ಏಪ್ರಿಲ್ ಬಿಸಿಲಿಗೆ ನೇರ ಇಟ್ಟರೆ ಹೊರಗೆ ಒಣಗಿ ಒಳಗೆ ಹಸಿ ಉಳಿದು ಸೊಟ್ಟಾಗುತ್ತದೆ. ಇದರಲ್ಲಿ ತಿನ್ನುವ ಪದಾರ್ಥ ಇಡಬೇಡಿ, ಪೇಪರಿನ ಮಸಿ ಇರುತ್ತದೆ. ಪೆನ್ಸಿಲ್ಲು, ಗುಂಡಿ, ಬಳಪ ಇಡಲು ಒಳ್ಳೆಯದು.

ಎತ್ತು ಮಾಡಿಸುವುದಾದರೆ ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣಿಗೆ ಈ ಪೇಪರ್ ಮುದ್ದೆಯನ್ನೇ ಸ್ವಲ್ಪ ಬೆರೆಸಿ. ಎರೆಮಣ್ಣು ಒಣಗುವಾಗ ಬಹಳ ಕುಗ್ಗುತ್ತದೆ, ಅದಕ್ಕೇ ಎತ್ತಿನ ಕಾಲು ಬಿರಿಯುವುದು. ನಾರು ಸೇರಿದರೆ ಬಿರುಕು ಕಡಿಮೆ.

ಬಣ್ಣ, ಜೀನ್ಸ್ ಚಿಂದಿ

ಕೆಮ್ಮಣ್ಣು ಸೋಸಿ ಅಂಟಿನಲ್ಲಿ ಕಲಸಿದರೆ ಕೆಂಪು. ಇದ್ದಿಲು ಅರೆದರೆ ಕಪ್ಪು. ಶಾಲೆಯ ಸೀಮೆಸುಣ್ಣದ ತುಂಡುಗಳನ್ನು ನೀರು ಹಾಕಿ ಅರೆದು ಅಂಟು ಸೇರಿಸಿದರೆ ಬಿಳಿ, ಬಣ್ಣಕ್ಕೆ ಮುಂಚೆ ಬಳಿಯಲು ಅದೇ ಸಾಕು. ಅರಿಶಿನದ ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿದರೆ ಮಕ್ಕಳ ಕಣ್ಣೆದುರೇ ಕೆಂಪಾಗುತ್ತದೆ. ಸುಣ್ಣದಿಂದಲೂ ಆಗುತ್ತದೆ, ಆದರೆ ಸುಣ್ಣ ಕಣ್ಣಿಗೆ ಹಾರಿದರೆ ಅಪಾಯ, ಮಕ್ಕಳ ಕೈಗೆ ಬೇಡ.

ಜೀನ್ಸ್ ಚಿಂದಿಯಲ್ಲಿ ಕೌದಿ ಮಾಡಿಸಿ. ದಪ್ಪ ಬಟ್ಟೆ ಮಕ್ಕಳ ಕತ್ತರಿಗೆ ಬಗ್ಗುವುದಿಲ್ಲ, ಅಂಗೈ ಅಗಲದ ತುಂಡು ನೀವೇ ಮಾಡಿ, ಅಂಚಿಗೆ ತೂತು ಹಾಕಿಕೊಡಿ. ಮಕ್ಕಳು ದಬ್ಬಣದ ಬದಲು ತುದಿಗೆ ಅಂಟುಪಟ್ಟಿ ಸುತ್ತಿದ ಸುತಳಿಯಿಂದ ಪೋಣಿಸಿ ಜೋಡಿಸಲಿ. ಹೊಸ ಚಿಂದಿಯ ನೀಲಿ ಬಣ್ಣ ಕೈಗೂ ಬಟ್ಟೆಗೂ ಹತ್ತುತ್ತದೆ, ಒಮ್ಮೆ ತೊಳೆದು ಒಣಗಿಸಿ ಕೊಡುವುದು ಒಳ್ಳೆಯದು.

ಹೊತ್ತು, ಜಾಗ, ಜೋಪಾನ

ಒಂದು ಸಲಕ್ಕೆ ಅರ್ಧ ಗಂಟೆ ಸಾಕು. ನಾಲ್ಕು ವರ್ಷದವರು ಅದಕ್ಕಿಂತ ಮುಂಚೆಯೇ ಎದ್ದು ಹೋಗುತ್ತಾರೆ, ಹೋಗಲಿ. ಬೇಸಿಗೆ ರಜೆಯಲ್ಲಿ ಬೆಳಗ್ಗೆ ಹತ್ತರ ಒಳಗೆ ಮುಗಿಸಿ. ನೆಲಕ್ಕೆ ಹಳೇ ತಾಡಪತ್ರಿ ಹಾಸಿ, ಪಕ್ಕಕ್ಕೆ ಒಂದು ಬಕೆಟ್ ನೀರು. ಕತ್ತರಿ, ಮೊಳೆ, ಸ್ಪೋಕ್ ನಿಮ್ಮ ಹತ್ತಿರದ ಡಬ್ಬಿಯಲ್ಲಿ ಮಾತ್ರ.

ಮಾಡಿದ್ದೆಲ್ಲ ಇಟ್ಟುಕೊಳ್ಳಲು ಯಾರ ಮನೆಯಲ್ಲೂ ಜಾಗ ಇಲ್ಲ. ಯಾವುದನ್ನು ಉಳಿಸಬೇಕು ಅಂತ ಮಗುವೇ ಆರಿಸಲಿ, ಉಳಿದದ್ದನ್ನು ಅದರ ಕೈಲೇ ಬಿಚ್ಚಿಸಿ. ಸ್ಪೋಕ್, ಪೆನ್ ಕೊಳವೆ, ರಬ್ಬರ್ ಗಾಲಿ ಮತ್ತೆ ಡಬ್ಬಕ್ಕೆ. ಕಣಿಕೆ ಕಡ್ಡಿ ಒಲೆಗೆ, ಇಲ್ಲವೆ ತಿಪ್ಪೆಗೆ. ಮೈದಾ ಅಂಟು ಹಚ್ಚಿದ ಸಾಮಾನನ್ನು ಅಟ್ಟದ ಮೇಲೆ ಇಟ್ಟರೆ ಜಿರಲೆ, ಇಲಿ ಬಂದೇ ಬರುತ್ತವೆ. ಉಳಿಸುವ ತೇರು, ಪುಟ್ಟಿಗಳಿಗೆ ಹೊರಗಿನಿಂದ ಒಂದು ಕೈ ಫೆವಿಕಾಲ್ ನೀರು ಬಳಿದು, ಪೂರ್ತಿ ಒಣಗಿದ ಮೇಲೆ ಒಂದು ಹಿಡಿ ಒಣ ಬೇವಿನ ಎಲೆಯ ಜೊತೆ ಮುಚ್ಚಿದ ಡಬ್ಬದಲ್ಲಿಡಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಹೊರತೆಗೆದು ಬಿಸಿಲು ತೋರಿಸಿ.